ಬಾಯಿ ಜೋರಿನ ವಕೀಲ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕದ ರಾಜಕಾರಣಿ ಥ್ಯಾಡಿಯಸ್ ಸ್ಟೀವನ್ಸ್‌ಗೆ ಮೂರು ಪುಟ ಕೊಟ್ಟಿದ್ದೀರಿ. 1821ರಲ್ಲಿ ಇದೇ ವಕೀಲ ಗುಲಾಮರ ಒಡೆಯನ ಪರ ವಾದಿಸಿ ಗೆದ್ದದ್ದನ್ನು ಮಾತ್ರ ಬಿಟ್ಟಿದ್ದೀರಿ. ಮೇಲಾಗಿ ಆತನದು ಹರಿತ ನಾಲಿಗೆ. ಲಿಂಕನ್ ಅವರ ಸೌಜನ್ಯ ಎಲ್ಲಿ, ಈತ ಎಲ್ಲಿ?’

ಮೊದಲನೆಯದು ನಮ್ಮ ತಪ್ಪೇ ಸಾರ್. ಸ್ಟೀವನ್ಸ್ ಗೆದ್ದ ಆ ಕೇಸಿನಿಂದ, ಬಿಡುಗಡೆ ಕೇಳಿದ್ದ ಚಾರಿಟಿ ಬಟ್ಲರ್ ಎಂಬ ಹೆಂಗಸು ಮತ್ತು ಆಕೆಯ ಮಕ್ಕಳು ಮತ್ತೆ ಗುಲಾಮಗಿರಿಗೆ ಹೋದರು. ಬರೆಯಬೇಕಿತ್ತು.

ನಾಲಿಗೆಯ ಮಾತು ಮಾತ್ರ ಒಪ್ಪುವುದಿಲ್ಲ. 1834ರಲ್ಲಿ ಅವರ ರಾಜ್ಯ ಪೆನ್ಸಿಲ್ವೇನಿಯದಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಅಂತ ಕಾನೂನು ಬಂತು. ಮರುವರ್ಷವೇ ಜನ ತೆರಿಗೆ ಜಾಸ್ತಿ ಅಂತ ಗೊಣಗಿದರು, ಸೆನೆಟ್ ರದ್ದು ಮಾಡಲು ವೋಟು ಹಾಕಿಬಿಟ್ಟಿತು. ಕೆಳಮನೆಯಲ್ಲಿ ಸ್ಟೀವನ್ಸ್ ಎದ್ದು ನಿಂತರು. ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. ಬಡತನದಲ್ಲೂ ತಾಯಿ ಓದಿಸಿದ್ದರು. ಜೈಲಿನಲ್ಲಿರುವ ಕಳ್ಳನ ಖರ್ಚಿಗೆ ತುಟಿಪಿಟಕ್ಕೆನ್ನದೆ ತೆರಿಗೆ ಕಟ್ಟುತ್ತೀರಿ, ಮಗು ಕಳ್ಳನಾಗದಿರಲಿ ಅಂತ ಕಟ್ಟೋಕೆ ಮಾತ್ರ ಕೂಗಾಡ್ತೀರಿ, ಅಂತ ಕುಟುಕಿದರು. ಸದನ ತಿರುಗಿತು. ಕಾನೂನು ಉಳಿಯಿತು. ನಯವಾಗಿ ಹೇಳಿದ್ದರೆ ಉಳೀತಿತ್ತಾ?

1838ರಲ್ಲಿ ರಾಜ್ಯದ ಹೊಸ ಸಂವಿಧಾನ ಕರಿಯರ ವೋಟು ಕಿತ್ತುಕೊಂಡಾಗ ಸಹಿ ಹಾಕಲ್ಲ ಅಂದವರೂ ಇವರೇ. ಲಿಂಕನ್ ದೊಡ್ಡವರು, ಸರಿ. ಆದರೆ ಗುಲಾಮರ ಬಿಡುಗಡೆಯಲ್ಲಿ ಅವರು ನಿಧಾನಿಸಿದಾಗೆಲ್ಲ ಹಿಂದಿನಿಂದ ತಿವಿಯುತ್ತಿದ್ದವರಲ್ಲಿ ಈ ಮುದುಕ ಮುಂದು.

ನಮ್ಮೂರ ಶಾಲೆಯ ಮಾಡು ಸೋರುತ್ತಿತ್ತು. ಒಬ್ಬರು ಮೇಷ್ಟ್ರು ಆಫೀಸಿನಿಂದ ಆಫೀಸಿಗೆ ಅಲೆದು, ಜಗಳವಾಡಿ, ಬೈಸಿಕೊಂಡು ಹೆಂಚು ತಂದರು. ಶಾಲೆಯ ಬೆಳ್ಳಿಹಬ್ಬಕ್ಕೆ ಹಾರ ಬಿದ್ದದ್ದು ಒಂದು ದಿನವೂ ಬಾಯಿ ಬಿಡದ ಅಧ್ಯಕ್ಷರಿಗೆ. ಮೇಷ್ಟ್ರ ಹೆಸರು ಆಮಂತ್ರಣ ಪತ್ರಿಕೆಯಲ್ಲೇ ಇರಲಿಲ್ಲ. ಕೇಳಿದರೆ, ‘ಒಳ್ಳೆಯವರೇ, ಬಾಯಿ ಸ್ವಲ್ಪ...’ ಅಂದರು. ನಿಮ್ಮ ಪತ್ರದಲ್ಲೂ ಅದೇ ದನಿ ಕೇಳಿಸಿತು, ಬೇಜಾರು ಮಾಡ್ಕೋಬೇಡಿ. ನಮ್ಮ ಸಭೆಗಳಲ್ಲಿ ಮೈಕು ಸಿಗುವುದು ಯಾರಿಗೆ? ಯಾರಿಗೂ ನೋಯದಂತೆ, ಯಾರಿಗೂ ಉಪಯೋಗವಾಗದಂತೆ ಅರ್ಧ ಗಂಟೆ ಮಾತಾಡುವವರಿಗೆ.

1868ರಲ್ಲಿ ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ರನ್ನು ಪದವಿಯಿಂದ ಇಳಿಸಬೇಕೇ ಎಂಬ ವಿಚಾರಣೆಗೆ ಸ್ಟೀವನ್ಸ್‌ರನ್ನು ಕುರ್ಚಿಯಲ್ಲಿ ಹೊತ್ತು ತರಬೇಕಾಯಿತು. ಆ ಆಗಸ್ಟ್‌ನಲ್ಲೇ ತೀರಿಕೊಂಡರು. ಬೇರೆ ಸ್ಮಶಾನಗಳಲ್ಲಿ ಬಿಳಿಯರಿಗೆ ಮಾತ್ರ ಜಾಗ ಎಂಬ ನಿಯಮವಿತ್ತು. ಅದಕ್ಕೇ ತಮ್ಮೂರು ಲ್ಯಾಂಕ್ಯಾಸ್ಟರ್‌ನಲ್ಲಿ ಆ ನಿಯಮವಿಲ್ಲದ ಒಂದು ಸಣ್ಣ ಸ್ಮಶಾನ ಆರಿಸಿಕೊಂಡಿದ್ದರು. ಏಕಾಂತದ ಆಸೆಯಿಂದ ಇಲ್ಲಿ ಮಲಗಿಲ್ಲ ಅಂತ ಕಲ್ಲಿನ ಮೇಲೂ ಕೆತ್ತಿಸಿದ್ದಾರೆ. ಅಲ್ಲೂ ಒಂದು ಕುಟುಕು, ನೋಡಿ.

ಬಟ್ಲರ್ ಕೇಸಿನ ಬಗ್ಗೆ ನೀವೇ ಒಂದು ಪುಟ ಬರೆದು ಕಳಿಸಿ. ಹರಿತವಾಗಿದ್ದರೂ ಪರವಾಗಿಲ್ಲ, ಕತ್ತರಿ ಹಾಕುವುದಿಲ್ಲ.

– ಸಂ.