ಪ್ರತಿಕ್ರಿಯೆ: ಮೂಳೆಯ ಮಾತ್ರೆ ನುಂಗಿದ ದಿನ ತಾಯಿಗೆ ಎದೆಯುರಿ, ನಿಲ್ಲಿಸಬೇಕೇ?
ತಾಯಿ ವಾರಕ್ಕೊಮ್ಮೆ ನುಂಗುವ ಮೂಳೆ ಸವೆತದ ಮಾತ್ರೆ ಅಲೆಂಡ್ರೊನೇಟ್ ಅನ್ನನಾಳಕ್ಕೆ ತಾಗಿ ಕೆರಳಿಸುತ್ತಿರುವ ಸಾಧ್ಯತೆಯೇ ಹೆಚ್ಚು. ಕಾಫಿಯೊಂದಿಗೆ ನುಂಗಿ ಮತ್ತೆ ಒರಗುತ್ತಾರೆ ಎಂದು ನೀವೇ ಬರೆದಿದ್ದೀರಲ್ಲ! ಮುಂದಿನ ವಾರದ ಮಾತ್ರೆಗೆ ಮುಂಚೆ ವೈದ್ಯರಿಗೆ ತಿಳಿಸಿ. ನುಂಗುವಾಗ ನೋವಿದ್ದರಂತೂ ಮಾತ್ರೆ ಮುಟ್ಟುವುದೇ ಬೇಡ. ವೈದ್ಯರು ಮುಂದುವರಿಸಿ ಎಂದರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ಬರೀ ನೀರಿನೊಂದಿಗೆ ಕೊಡಿ. ಆಮೇಲೆ ಅರ್ಧ ಗಂಟೆ ಮಲಗಬಾರದು, ಕಾಫಿಯೂ ಇಲ್ಲ. ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನದ ಊಟಕ್ಕಿರಲಿ.

ಆದರೂ ಉರಿದರೆ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ, ಇದೇ ಗುಂಪಿನ ಔಷಧಿ ಜೊಲೆಡ್ರೊನಿಕ್ ಆಮ್ಲ ಆದೀತೇ ಎಂದು ಕೇಳಿ. ಅದಕ್ಕೆ ಮುನ್ನ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಆಗಬೇಕು.

ಈ ಔಷಧಿಗಳಿಂದ ಆಗುತ್ತದೆಂದು ನಿಮ್ಮನ್ನು ಹೆದರಿಸಿರುವ ದವಡೆಮೂಳೆಯ ತೊಂದರೆ ಅಪರೂಪ. ನಿಮ್ಮ ತಾಯಿಯಂತೆ ಬೆನ್ನುಮೂಳೆ ಒಮ್ಮೆ ಕುಸಿದವರಿಗೆ ಇನ್ನೊಂದು ಮುರಿತದ ಅಪಾಯ ಅದಕ್ಕಿಂತ ಬಹಳ ದೊಡ್ಡದು. ಹಲ್ಲು ಕೀಳಿಸುವುದಿದ್ದರೆ ಡ್ರಿಪ್‌ಗೆ ಮೊದಲೇ ಮುಗಿಸಿ. ತೊಡೆಯಲ್ಲಿ ಹೊಸ ನೋವು ಕಾಣಿಸಿದರೆ ಕಾಯದೆ ತೋರಿಸಿ.