ಬೀಡುಕಬ್ಬಿಣದ ಹೆಡ್ಡಿಗೆ ಬೆಸುಗೆಯೋ, ಹೊಲಿಗೆಯೋ?

ಪ್ರಶ್ನೆ: ತಂದೆಯವರು ಅಡಿಕೆ ಮಾರಿದ ಹಣದಲ್ಲಿ ಕೊಂಡ 1974ರ ಪೆಟ್ರೋಲ್ ಅಂಬಾಸಿಡರ್ ಕಾರನ್ನು ಈಗಲೂ ಇಟ್ಟುಕೊಂಡಿದ್ದೇವೆ. ಕಳೆದ ಬೇಸಿಗೆಯಲ್ಲಿ ಪಾಣತ್ತೂರು ದಾಟಿ, ಕರಿಕೆಯಿಂದ ಭಾಗಮಂಡಲದ ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯಿತು. ತೋಡಿನ ತಣ್ಣೀರು ತಂದು ಸುರಿದೆವು. ಅಂದಿನಿಂದ ಹೊರಗೆಲ್ಲೂ ಸೋರಿಕೆ ಕಾಣದಿದ್ದರೂ ನೀರು ಕಡಿಮೆಯಾಗುತ್ತಿದೆ, ಹೊಸ ಗ್ಯಾಸ್ಕೆಟ್ ಹಾಕಿಸಿದರೂ ನಿಂತಿಲ್ಲ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದ ಮೆಕ್ಯಾನಿಕ್ ಎರಡನೆಯ ಸಿಲಿಂಡರಿನ ವಾಲ್ವ್ ಸೀಟುಗಳ (ವಾಲ್ವುಗಳು ಕೂರುವ ಬಾಯಿಗಳ) ನಡುವೆ ಕೂದಲೆಳೆಯಂಥ ಬಿರುಕನ್ನು ತೋರಿಸಿ ಗುಜರಿಗೆ ಹಾಕಲು ಹೇಳಿದರು. ಊರಿನ ವೆಲ್ಡರ್ ಅರ್ಧ ಗಂಟೆಯ ಕೆಲಸವೆನ್ನುತ್ತಾರೆ. ಯಾರನ್ನು ನಂಬಲಿ?
– ಬದಿಯಡ್ಕ ಸಮೀಪದ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಬಿರುಕು ಹೆಡ್ಡಿನೊಳಗೆ ತಂಪುನೀರು ಹರಿಯುವ ಕೋಣೆಯವರೆಗೆ ಇಳಿದಿದೆಯೇ ಎಂಬುದನ್ನು ಇಬ್ಬರೂ ಪರೀಕ್ಷಿಸಿಲ್ಲ. ಚಿಕಿತ್ಸೆ ನಿರ್ಧಾರವಾಗುವುದು ಅದರ ಮೇಲೆಯೇ.

ನಿಮ್ಮ ಕಾರಿನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ 'ಬಿ' ಸರಣಿಗೆ ಸೇರಿದ್ದು. ಇದರ ಹೆಡ್ಡಿನಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಹೊಗೆ ನಡುವಿನ ಒಂದೇ ದ್ವಾರದಿಂದ ಹೊರಬೀಳುವುದರಿಂದ ಆ ಭಾಗ ಉಳಿದೆಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಕಾದ ಲೋಹ ಹಿಗ್ಗಲು ಹೊರಟಾಗ ಸುತ್ತಲಿನ ತಂಪಾದ ಲೋಹ ಅದನ್ನು ಅದುಮಿ ಹಿಡಿಯುತ್ತದೆ, ತಣಿದು ಕುಗ್ಗುವಾಗ ಅದೇ ಲೋಹ ಎಳೆತಕ್ಕೆ ಸಿಕ್ಕುತ್ತದೆ. ಬೀಡುಕಬ್ಬಿಣ ಒತ್ತಡವನ್ನು ತಡೆಯುವುದರಲ್ಲಿ ಗಟ್ಟಿಯಾದರೂ ಎಳೆತಕ್ಕೆ ಬಹಳ ದುರ್ಬಲವಾದುದರಿಂದ, ಸೀಟುಗಳ ನಡುವಿನ ಆ ಸಣ್ಣ ಸೇತುವೆಯಲ್ಲಿಯೇ ಸೀಳು ಕಾಣಿಸಿಕೊಳ್ಳುತ್ತದೆ. ಕುದಿಯುವ ಎಂಜಿನ್ನಿಗೆ ತೋಡಿನ ನೀರು ಹೊಯ್ದದ್ದು ಈ ಎಳೆತವನ್ನು ಒಂದೇ ಕ್ಷಣದಲ್ಲಿ ಹೆಚ್ಚಿಸಿರಬೇಕು.

ಆದರೆ ಅಲ್ಲಿನ ಎಲ್ಲ ಬಿರುಕುಗಳೂ ಆಳಕ್ಕೆ ಹೋಗಿರುವುದಿಲ್ಲ. ಹೆಡ್ಡಿನ ನೀರಿನ ದ್ವಾರಗಳನ್ನೆಲ್ಲ ರಬ್ಬರ್ ಮತ್ತು ಉಕ್ಕಿನ ತಟ್ಟೆಗಳಿಂದ ಮುಚ್ಚಿ, ಸುಮಾರು 80 ಡಿಗ್ರಿ ಬಿಸಿಯ ನೀರಿನಲ್ಲಿ ಮುಳುಗಿಸಿ, ಒಳಗೆ ಎರಡು ಮೂರು ಬಾರ್ ಒತ್ತಡದ ಗಾಳಿ ತುಂಬಿಸಿ ನೋಡಿಸಿ. ಬಿಸಿ ನೀರೇ ಏಕೆಂದರೆ, ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಕಾದಾಗ ಬಾಯಿ ತೆರೆಯಬಹುದು. ಗುಳ್ಳೆ ಬಾರದಿದ್ದರೆ ನೀರು ಹೋಗುತ್ತಿರುವುದು ಬೇರೆ ದಾರಿಯಿಂದ: ಹೆಡ್ಡಿನ ತಳದ ಮುಖ ಸೊಟ್ಟಗಾಗಿರಬಹುದು, ಅದರ ಕೆಳಗಿರುವ ಎಂಜಿನ್ ಬ್ಲಾಕಿನಲ್ಲಿಯೇ ದೋಷವಿರಬಹುದು. ಬಿರುಕು ಎಲ್ಲಿಂದ ಎಲ್ಲಿಯವರೆಗಿದೆ ಎಂದು ತಿಳಿಯಲು ಬಣ್ಣದ ದ್ರಾವಣ ಇಳಿಸಿ ನೋಡುವ ಪರೀಕ್ಷೆ ಸಾಕು. ಹಿಂದಿನವರು ಇದನ್ನೇ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಹುಡಿ ಉದುರಿಸಿ ಮಾಡುತ್ತಿದ್ದರು.

ಗುಳ್ಳೆ ಬಂದರೂ ಅರ್ಧ ಗಂಟೆಯ ಬೆಸುಗೆಗೆ ಮಾತ್ರ ಕೊಡಬೇಡಿ. ಬೀಡಿನಲ್ಲಿ ಶೇಕಡಾ ಮೂರರ ಆಸುಪಾಸಿನಲ್ಲಿ ಇಂಗಾಲವಿರುತ್ತದೆ. ತಣ್ಣನೆಯ ಹೆಡ್ಡಿನ ಮೇಲೆ ಸಾಮಾನ್ಯ ಉಕ್ಕಿನ ಕಡ್ಡಿಯಿಂದ ಆರ್ಕ್ ಹಚ್ಚಿದರೆ, ಕರಗಿದ ಲೋಹ ಆ ಇಂಗಾಲವನ್ನು ಹೀರಿಕೊಂಡು, ಕ್ಷಣದಲ್ಲಿ ತಣಿದು, ಅರ ಕೂಡ ಹಿಡಿಯದಷ್ಟು ಕಠಿಣವೂ ಗಾಜಿನಷ್ಟು ಪೆಡಸೂ ಆಗಿಬಿಡುತ್ತದೆ. ಬೆಸುಗೆಯ ಪಕ್ಕದಲ್ಲಿಯೇ 'ಟಿಣ್' ಎಂದು ಹೊಸ ಬಿರುಕು ಬೀಳುವ ಸದ್ದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸರಿಯಾದ ಬಿಸಿ ಬೆಸುಗೆ ಬೇರೆಯೇ ವಿದ್ಯೆ. ಇಡೀ ಹೆಡ್ಡನ್ನು ಕುಲುಮೆಯಲ್ಲಿ 600 ಡಿಗ್ರಿಗೂ ಮಿಕ್ಕಿ ಕಾಯಿಸಿ, ಬೀಡಿನ ಕಡ್ಡಿಯನ್ನೇ ಗ್ಯಾಸ್ ಜ್ವಾಲೆಯಲ್ಲಿ ಕರಗಿಸಿ ತುಂಬಿ, ಆಮೇಲೆ ಕುಲುಮೆಯಲ್ಲಿಯೋ ಒಣ ಬೂದಿಯ ರಾಶಿಯಲ್ಲಿಯೋ ಹುಗಿದು ರಾತ್ರಿಯಿಡೀ ನಿಧಾನವಾಗಿ ತಣಿಯಲು ಬಿಡಬೇಕು. ಬಳಿಕ ವಾಲ್ವಿನ ಕಾಂಡ ಜಾರುವ ಗೈಡು, ಸೀಟು, ಮುಖ ಎಲ್ಲವನ್ನೂ ಮತ್ತೆ ಯಂತ್ರಕ್ಕೆ ಕೊಡಬೇಕು. ನಿಕ್ಕಲ್ ಕಡ್ಡಿಯಿಂದ ತಣ್ಣಗೆ ಬೆಸೆಯುವ ಕ್ರಮವೂ ಇದೆ. ಒಂದೊಂದು ಅಂಗುಲ ಬೆಸೆದು, ಸುತ್ತಿಗೆಯಿಂದ ಹಗುರಾಗಿ ಬಡಿದು, ಕೈ ತಾಗಿಸುವಷ್ಟು ಆರಿದ ಮೇಲೆಯೇ ಮುಂದಿನ ಅಂಗುಲಕ್ಕೆ ಹೋಗಬೇಕು. ಅದನ್ನು ನಾನು ಹೊರಗೋಡೆಯ ಬಿರುಕಿಗಷ್ಟೇ ಒಪ್ಪುತ್ತೇನೆ.

ನಿಮ್ಮ ಹೆಡ್ಡಿಗೆ ಮೊದಲು ಯೋಚಿಸಬೇಕಾದದ್ದು ಹೊಲಿಗೆ, ಅಂದರೆ ಬೆಂಕಿಯನ್ನೇ ಮುಟ್ಟದ ರಿಪೇರಿ. ಬಿರುಕಿನ ಎರಡೂ ತುದಿಗಳಲ್ಲಿ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ಬಿರುಕಿನ ಗುಂಟ ತೂತುಗಳನ್ನು ಕೊರೆದು, ಅವುಗಳೊಳಗೆ ತಿರುಪಿನ ಎಳೆ ಕೊಯ್ದು, ಲೋಹದ ತಿರುಪು ಗೂಟಗಳನ್ನು ಒಂದು ಇನ್ನೊಂದನ್ನು ಸ್ವಲ್ಪ ಕಚ್ಚುವಂತೆ ಸಾಲಾಗಿ ಬಿಗಿದು, ಮೇಲ್ಭಾಗವನ್ನು ಸಮ ಮಾಡಲಾಗುತ್ತದೆ. ಅನಂತರ ಹೊಸ ಸೀಟಿನ ಬಳೆ ಕೂರಿಸಿದರೆ ಅದೂ ಆ ಜಾಗವನ್ನು ಸ್ವಲ್ಪ ಮುಚ್ಚಿ ಹಿಡಿಯುತ್ತದೆ. ಆದರೆ ಸೀಳು ಡ್ರಿಲ್ ತಲುಪದ ಒಳಮೂಲೆಗೆ ಹೋಗಿದ್ದರೆ, ಇನ್ನೊಂದು ಹೆಡ್ ಹುಡುಕುವುದು ಲೇಸು. ಅದನ್ನೂ ಒತ್ತಡ ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ಡೀಸೆಲ್ ಅಂಬಾಸಿಡರಿನದ್ದಾಗಲಿ, ನಂತರ ಬಂದ 1.8 ಲೀಟರ್ ಇಸುಜು ಎಂಜಿನ್ನಿನದ್ದಾಗಲಿ ನಿಮ್ಮದಕ್ಕೆ ಕೂರುವುದಿಲ್ಲ.

ಇನ್ನು ಕುದಿತದ ಮೂಲ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಪಾತ್ರೆಗೆ ಕಿಟ್ಟ ಕಟ್ಟುವುದಿಲ್ಲವೆಂದು ನಮ್ಮ ಕಡೆ ಅದನ್ನೇ ನಂಬಿ ರೇಡಿಯೇಟರಿಗೂ ಹಾಕುವುದುಂಟು. ಆದರೆ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿಗೆ ತುಸು ಆಮ್ಲಗುಣವಿರುವುದರಿಂದ ಅದು ಬೀಡಿಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಕೆಸರು ಬ್ಲಾಕಿನ ಹಿಂಭಾಗದಲ್ಲಿ ಕೂತು ನೀರಿನ ಓಟವನ್ನು ಕಟ್ಟುತ್ತದೆ. ಹೆಡ್ ಕೂರಿಸುವ ಮೊದಲು ಬ್ಲಾಕನ್ನೂ ರೇಡಿಯೇಟರನ್ನೂ ತೊಳೆಸಿ, ಶುದ್ಧೀಕರಿಸಿದ ನೀರಿಗೆ ತುಕ್ಕುನಿರೋಧಕವಿರುವ ಕೂಲೆಂಟ್ ಬೆರೆಸಿ ಹಾಕಿ.

ಪ್ರಶ್ನೆ: ಹೆಡ್ಡಿನ ಮುಖ ಸಮ ಮಾಡಿಸುವಾಗ ಎಷ್ಟು ತೆಗೆಸಬಹುದು? ಜೊತೆಗೆ ಹೊಸ ಸೀಟುಗಳು ಬೇಕೇ?
– ಮಂಜೇಶ್ವರದ ಓದುಗರು

ಉತ್ತರ: ಸಮವಾಗುವಷ್ಟು ಮಾತ್ರ. ಹೆಚ್ಚು ತೆಗೆದಷ್ಟೂ ಕಂಪ್ರೆಶನ್ (ಸಿಲಿಂಡರಿನೊಳಗೆ ಇಂಧನಮಿಶ್ರಣ ಅದುಮಲ್ಪಡುವ ಪ್ರಮಾಣ) ಏರಿ, ಏರುದಾರಿಯಲ್ಲಿ ಎಂಜಿನ್ ಬಡಿಯತೊಡಗುತ್ತದೆ. ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂದದ್ದು 2000ರಲ್ಲಿ. ಅದಕ್ಕೂ ಹಿಂದಿನ ಪೆಟ್ರೋಲಿನ ಸೀಸ ಸೀಟಿನ ಸವೆತವನ್ನು ತಡೆಯುತ್ತಿದ್ದುದರಿಂದ, ಆ ಕಾಲದ ಹೆಡ್ಡುಗಳ ಹೊಗೆ ವಾಲ್ವಿಗೆ ಗಡಸು ಸೀಟು ಹಾಕಿಸುವುದು ಒಳ್ಳೆಯದೇ. ಆದರೆ ಸೀಟಿಗೆ ಜಾಗ ಕೊರೆಯುವಾಗ ತುಕ್ಕಿನಿಂದ ತೆಳುವಾದ ಗೋಡೆ ತೂತಾಗಬಹುದಾದ್ದರಿಂದ ಕೊರೆದ ಮೇಲೆ ಇನ್ನೊಮ್ಮೆ ಒತ್ತಡ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿಗೂ ಇದೇ ಕ್ರಮವೇ?
– ಕುಂಬಳೆಯ ಓದುಗರು

ಉತ್ತರ: ಅಲ್ಲ. ಪದ್ಮಿನಿಯ ಬ್ಲಾಕ್ ಬೀಡಿನದ್ದು, ಹೆಡ್ ಅಲ್ಯೂಮಿನಿಯಂನದ್ದು. ಅದಕ್ಕೆ ಟಿಗ್ ಬೆಸುಗೆ (ಟಂಗ್‌ಸ್ಟನ್ ಕಡ್ಡಿಯಿಂದ, ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ಬೆಸುಗೆ) ಬಲ್ಲವರನ್ನು ಹುಡುಕಿ.