ಸುರಕ್ಷಿತ ದೇಶ ಸೇರಿದ ಮೇಲೂ ನಿರಾಶ್ರಿತರ ಮನಸ್ಸು ಕುಸಿಯುವುದೇಕೆ?
ಮನೆ, ಕೆಲಸ ಸಿಕ್ಕ ಮೇಲೆ ಇನ್ನೇನು ಕಷ್ಟ ಎಂದು ಕೇಳಿದ್ದೀರಿ. ಭೂತಾನಿನಿಂದ ಹೊರದಬ್ಬಿಸಿಕೊಂಡ ನೇಪಾಳಿ ಭಾಷಿಕರನ್ನೇ ನೋಡಿ. 1990ರ ದಶಕದ ಆರಂಭದಿಂದ ಪೂರ್ವ ನೇಪಾಳದ ಶಿಬಿರಗಳಲ್ಲಿದ್ದವರು 2007ರ ಕೊನೆಯಿಂದ ಬೇರೆ ದೇಶಗಳಿಗೆ ಹೊರಟರು. ಹೀಗೆ ನೆಲೆ ಪಡೆದವರು ಲಕ್ಷಕ್ಕೂ ಹೆಚ್ಚು, ಬಹುಪಾಲು ಅಮೆರಿಕದಲ್ಲಿ.

ಅಲ್ಲಿ ಆತ್ಮಹತ್ಯೆಗಳು ಹೆಚ್ಚಿದವು. 2009ರಿಂದ 2012ರವರೆಗಿನ 16 ಸಾವುಗಳನ್ನು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಪರಿಶೀಲಿಸಿತು. ಇವರಲ್ಲಿ ಆತ್ಮಹತ್ಯೆಯ ದರ ವರ್ಷಕ್ಕೆ ಲಕ್ಷ ಜನರಿಗೆ ಸುಮಾರು 20. ಅಮೆರಿಕದ ಒಟ್ಟು ದರ ಆಗ 12ರ ಆಸುಪಾಸು. ಭಾಷೆ ಬಾರದಿರುವುದು, ಹಿಂದೆ ಉಳಿದವರ ಚಿಂತೆ, ಆಚಾರ-ಹಬ್ಬಗಳನ್ನು ಉಳಿಸಿಕೊಳ್ಳಲಾಗದ ಸಂಕಟ ಪದೇ ಪದೇ ಎದ್ದು ಬಂದವು.

ನನ್ನನ್ನು ಹೆಚ್ಚು ಕಾಡುವುದು ಹಿರಿಯರ ಸ್ಥಿತಿ. ಊರಲ್ಲಿ ಹೊಲ ಉತ್ತವರು, ನಾಲ್ಕು ಜನರ ನ್ಯಾಯ ಹೇಳಿದವರು ಹೊಸ ದೇಶದಲ್ಲಿ ಒಂದು ಕಾಗದ ಓದಿಸಲು ಮೊಮ್ಮಗನ ಮುಖ ನೋಡಬೇಕು. ಡಾಕ್ಟರ ಬಳಿ ತನ್ನ ನೋವನ್ನು ಮಗುವಿನ ಬಾಯಲ್ಲಿ ಹೇಳಿಸಬೇಕಾದಾಗ ಎಷ್ಟೋ ಮಾತು ಗಂಟಲಲ್ಲೇ ಉಳಿಯುತ್ತದೆ. ಮಕ್ಕಳಿಗೂ ಅದು ವಯಸ್ಸಿಗೆ ಮೀರಿದ ಹೊರೆ.

ಇನ್ನೊಂದು, ಓಡುವಾಗ ಮನಸ್ಸಿಗೆ ಅಳಲೂ ಪುರುಸೊತ್ತಿರುವುದಿಲ್ಲ. ಬಾಗಿಲು ಹಾಕಿ ನೆಮ್ಮದಿಯಾಗಿ ಮಲಗುವ ಕಾಲ ಬಂದಾಗಲೇ ಹಳೆಯದೆಲ್ಲ ಕನಸಾಗಿ ಮರಳುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳ ನೆರವು ಸಾಲದು. ಅವರದೇ ಭಾಷೆಯ ಆಪ್ತಸಲಹೆಗಾರರು ಬೇಕು, ಜೊತೆಗೆ ಕೂಡಿ ಕೃಷಿ ಮಾಡಲು ತುಂಡು ನೆಲವೂ. ಅಮೆರಿಕದ ಹಲವು ಊರುಗಳಲ್ಲಿ ಅಂಥ ಸಮುದಾಯ ತೋಟಗಳಿವೆ.